‘ತಿಳಿಸ್ತೀನಿ’ ಎಂಬ ಗುಂಡಿ

ನಂಜನಗೂಡಿನಲ್ಲಿ ತನ್ನ ಅಪ್ಪನ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಗಾನವಿ ಒಂದು ಡೇಟಿಂಗ್ ಆ್ಯಪ್ ಮಾಡುತ್ತಿದ್ದಾಳೆ. ಹೆಸರು ‘ಕೂಡಲು’. ಕೋಡ್ ಅವಳದು, ಪರದೆಯ ಮೇಲಿನ ಕನ್ನಡ ನನ್ನದು. ಎದುರಿಗಿದ್ದವರ ಜೊತೆ ನಾಲ್ಕು ಮಾತಾಡಲಾರದ ನನ್ನನ್ನು, ಡಿಗ್ರಿ ಮುಗಿದ ಮೇಲೆ, ಕರೆದು ಕೂರಿಸಿಕೊಂಡವಳು ಅವಳೇ.

ಬೇರೆ ಆ್ಯಪ್‌ಗಳು ಜನ ಒಂಟಿಯಾಗಿರುವಷ್ಟು ಕಾಲ ದುಡ್ಡು ಕೀಳುತ್ತವೆ. ಇದರಲ್ಲಿ ಹುಡುಕುವುದೆಲ್ಲ ಬಿಟ್ಟಿ. ಜೊತೆ ಸಿಕ್ಕಿತೆಂದು ಇಬ್ಬರೂ ಒಪ್ಪಿ ಖಾತೆ ಮುಚ್ಚುವಾಗ ಮಾತ್ರ, ಒಂದೇ ಸಲ ಹಣ. “ಜನ ಹೊರಟುಹೋದ್ರೇನೇ ನಮಗೆ ಲಾಭ ಕಣೆ,” ಎಂದು ಅವಳು ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ತೊಡಕು ಬಂದದ್ದು ಒಂದು ಪದದಿಂದ. ಉತ್ತರ ಕೊಡಲು ಮೂರು ಗುಂಡಿ ಇಟ್ಟಿದ್ದೆವು: ಹೌದು, ಬೇಡ, ತಿಳಿಸ್ತೀನಿ. ಮೂರನೆಯದು ನಾನು ಸೇರಿಸಿದ್ದು. ಮುಖಕ್ಕೆ ಹೊಡೆದಂತೆ ಬೇಡ ಅನ್ನುವುದು ನಮ್ಮ ಕಡೆಯವರಿಂದ ಆಗುತ್ತದೆಯೇ? ತಾಂಡವಪುರದಿಂದ ಹೆಮ್ಮಿಗೆವರೆಗೆ ಎಲ್ಲರೂ ಅದನ್ನೇ ಒತ್ತಿದರು.

ಟೀ ತಂದ ಗಾನವಿಯ ಅಮ್ಮ ಗುರುಬಸಮ್ಮ ನಕ್ಕರು. “ಎಣ್ಣು ನೋಡಿ, ಉಪ್ಪಿಟ್ಟು ತಿಂದು, ಊರಿಗೋಗಿ ತಿಳಿಸ್ತೀವಿ ಅಂದೋರು ಯಾವತ್ತಾರ ತಿಳಿಸವ್ರಾ? ಅದು ಒತ್ತೋ ಗುಂಡಿ ಅಲ್ಲ ಕಣ್ರವ್ವಾ, ಬೀಳೋ ಗುಂಡಿ!”

ನನಗೆ ನಗು ಬರಲಿಲ್ಲ. ಆ್ಯಪ್ ಪರೀಕ್ಷೆಗೆಂದು ತೆರೆದ ನನ್ನ ಖಾತೆಯಲ್ಲಿ ಹೆಮ್ಮಿಗೆಯ ಅಮೃತೇಶ್ ಜೊತೆ ಮಾತು ಬೆಳೆದಿತ್ತು. ನಾನು ಧೈರ್ಯ ಮಾಡಿ ‘ಹೌದು’ ಒತ್ತಿದ್ದೆ. ಅವನದು ‘ತಿಳಿಸ್ತೀನಿ’. ದಿನಾ ತೆರೆದು ನೋಡುತ್ತಿದ್ದೆ. ಗಾನವಿಗೆ ಇದು ಗೊತ್ತಿತ್ತು.

ಆ ವಾರ ಬಂಡವಾಳ ಹಾಕಲು ಮೈಸೂರಿನಿಂದ ನಂಜುಂಡೇಶ್ ಬಂದರು. ಅವರು ಒಪ್ಪದಿದ್ದರೆ ಸರ್ವರ್ ಬಾಡಿಗೆಗೂ ನಮ್ಮಲ್ಲಿ ದಾರಿ ಇರಲಿಲ್ಲ.

“ಈ ತಿಳಿಸ್ತೀನಿ ಇದೆಯಲ್ಲ, ಇದೇ ಚಿನ್ನ ಕಣಮ್ಮ,” ಎಂದರು. “ಕಾಯೋರಿಗೆ ತಿಂಗಳಿಗಿಷ್ಟು ಅಂತ ಹಾಕು. ಆ ಕಡೆಯವರು ನಿಮ್ಮ ಫೋಟೋ ಮತ್ತೆ ನೋಡಿದ್ರು ಅಂತ ಆಗಾಗ ತೋರಿಸು. ಯಾರು ಕೊಡಲ್ಲ ಅಂತಾರೆ?”

ಹಾಗೆ ಹಾಕಿದ್ದರೆ ನಾನೇ ಕೊಡುತ್ತಿದ್ದೆ. ಲ್ಯಾಪ್‌ಟಾಪಿನ ಹಿಂದೆ ಮುಖ ಮರೆ ಮಾಡಿಕೊಂಡೆ.

ಗಾನವಿ ನನ್ನತ್ತ ಒಮ್ಮೆ ನೋಡಿದಳು. ನನ್ನ ಹೆಸರೆತ್ತಲಿಲ್ಲ. “ಆ ಗುಂಡಿ ತೆಗೀತೀನಿ ಸಾರ್. ಕಾಯಿಸ್ತಿರೋರೆಲ್ಲ ಭಾನುವಾರದೊಳಗೆ ಹೌದೋ ಬೇಡವೋ ಹೇಳ್ಬೇಕು.”

“ಆ್ಯಪ್ ಖಾಲಿ ಆಗುತ್ತಲ್ಲಮ್ಮ!”

“ಖಾಲಿ ಆಗ್ಲಿ ಅಂತಾನೇ ಸಾರ್ ಮಾಡಿರೋದು.”

ಅವರು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಸರಿ, ಯೋಚನೆ ಮಾಡಿ ತಿಳಿಸ್ತೀನಿ,” ಅಂದರು.

ಗುರುಬಸಮ್ಮ ಕಿಸಕ್ಕನೆ ನಕ್ಕುಬಿಟ್ಟರು. ಗಾನವಿ ಮಾತ್ರ ನಗದೆ, “ಹೌದಾ, ಬೇಡವಾ? ಈಗ್ಲೇ ಹೇಳ್ಬಿಡಿ ಸಾರ್,” ಎಂದಳು.

“ಬೇಡ,” ಅಂದರು ಅವರು, ಮೆಲ್ಲಗೆ.

“ಥ್ಯಾಂಕ್ಸ್ ಸಾರ್.” ಆ ದನಿಯಲ್ಲಿ ಕುಹಕ ಇರಲಿಲ್ಲ. ಅಷ್ಟು ಕಳೆದುಕೊಂಡ ಗಳಿಗೆಯಲ್ಲಿ ಅಷ್ಟು ನಿರಾಳವಾಗಿ ನಿಂತವರನ್ನು ನಾನು ಬೇರೆ ನೋಡಿಲ್ಲ. ಅವತ್ತೇ ಅವಳು ಅಂಗಡಿಯ ಬಿಲ್ ಬರೆಯುವ ಕೆಲಸಕ್ಕೆ ಸೇರಿದಳು, ಸಂಬಳ ಸರ್ವರ್‌ಗೆ.

ಕಾಯಿಸುತ್ತಿದ್ದವರಿಗೆ ಹೋಗಬೇಕಾದ ಮೆಸೇಜ್ ಬರೆದವಳು ನಾನು: ‘ಒಬ್ಬರು ನಿಮ್ಮ ಉತ್ತರಕ್ಕೆ ಕಾಯುತ್ತಿದ್ದಾರೆ. ಬೇಡ ಎನ್ನುವುದೂ ಉತ್ತರವೇ.’

ಶನಿವಾರ ಅಮೃತೇಶನ ಉತ್ತರ ಬಂತು. ಬೇಡ. ಗಾನವಿ ಪಕ್ಕದಲ್ಲಿ ಬಂದು ಕೂತಳು. ಅತ್ತು ಮುಖ ತೊಳೆದುಕೊಂಡು ಬಂದಾಗ ಫೋನಿನಲ್ಲಿ ನಾನೇ ಬರೆದ ಮೆಸೇಜ್ ನನ್ನನ್ನೇ ಕಾಯುತ್ತಿತ್ತು. ಟಿ. ನರಸೀಪುರದ ಚೆಲುವರಾಜು ಎಂಬವರಿಗೆ ನಾನೂ ‘ತಿಳಿಸ್ತೀನಿ’ ಒತ್ತಿ ಮರೆತಿದ್ದೆ.

ಬೇಡ ಎಂದು ಒತ್ತಿದೆ.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಒಂದು ಸಾಲು ಬಂತು: ‘ತಿಳಿಸಿದ್ರಲ್ಲ, ಸಾಕು ಕಣ್ರೀ.’