ಬೆಟ್ಟ ಕೆಳಮನೆಯಲ್ಲಿ, ಕೆರೆ ಮಹಡಿಯಲ್ಲಿ

ಕಂಪ್ಯೂಟರ್ ನಿಧಾನವಾಯಿತೆಂದು ಗಂಡ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಉಪಕಾರ ಮಾಡಿದವನ ಮುಖ ಹೊತ್ತು ಬಂದ. ಹಿರಿಯ ಸೊಸೆ ಕಂಪ್ಯೂಟರಿನತ್ತ ಓಡಿದಳು. ಅವಳೂ ಮಹಡಿಯ ವಾರಗಿತ್ತಿಯೂ ಮಧ್ಯಾಹ್ನಗಳೆಲ್ಲ ಕೂತು, ಚೌಕ ಚೌಕ ಕಲ್ಲು ಜೋಡಿಸಿ ಆಟದೊಳಗೆ ಕಟ್ಟಿದ್ದ ಮನೆ ಅದರಲ್ಲಿತ್ತು.

"ಆಟದ ಮನೆ ಹೋದ್ರೆ ಏನಾಯ್ತೇ? ನಿಜವಾದ ಮನೆ ಇದೆಯಲ್ಲ!" ಎಂದ ಗಂಡ.

ನಿಜವಾದ ಮನೆಯನ್ನು ಅವಳು ಒಮ್ಮೆ ಸುತ್ತ ನೋಡಿದಳು. ಅವಳ ಕನ್ನಡಕ ಇಡಲೂ ಅಲ್ಲಿ ಜಾಗವಿರಲಿಲ್ಲ. ಫ್ರಿಜ್ಜಿನ ನೆತ್ತಿಯೇ ಗತಿ. ಆಟದ ಮನೆಗೆ ಕೆರೆಯತ್ತ ತೆರೆಯುವ ಕಿಟಕಿಯಿತ್ತು. ಅದು ಯಾರ ಕೋಣೆಗೆ ಸೇರಬೇಕೆಂದೇ ವಾರಗಿತ್ತಿಯರು ಮಾತು ಬಿಟ್ಟು ತಿಂಗಳುಗಳಾಗಿದ್ದವು. ಇರುವ ಆಸ್ತಿಗೆ ಗಂಡಸರು ಕಿತ್ತಾಡುವುದು ಲೋಕರೂಢಿ. ಇವರು ಇಲ್ಲದ ಆಸ್ತಿಗೆ ಅಷ್ಟೇ ಘನತೆಯಿಂದ ಮುಖ ತಿರುಗಿಸಿಕೊಂಡಿದ್ದರು.

ಮಗಳು ಸಮಾಧಾನ ಹೇಳಿದಳು: "ಅಳಬೇಡಮ್ಮ. ಪ್ರತಿ ಲೋಕಕ್ಕೂ ಒಂದು ಬೀಜ ಇರುತ್ತೆ, ಉದ್ದನೆಯ ಸಂಖ್ಯೆ. ಅದು ಸಿಕ್ಕಿದ್ರೆ ಅದೇ ಬೆಟ್ಟ, ಅದೇ ಕೆರೆ ಮತ್ತೆ ಹುಟ್ಟುತ್ತೆ. ಆಟದೊಳಗೆ ತೆಗೆದ ಫೋಟೋ ಇದ್ರೆ ನೆಲದ ಆಕಾರ ನೋಡಿ ಬೀಜ ಹುಡುಕಬಹುದು."

ತಾಯಿ ಮೊಬೈಲು ಚಾಚಿದಳು.

"ಇದ್ರಲ್ಲಿ ಬರೀ ಬೆಟ್ಟ. ಕೆರೆ ಎಲ್ಲಿ?"

"ಆ ಕಡೆ ನಿನ್ನ ಚಿಕ್ಕಮ್ಮ ನಿಂತಿದ್ಲು. ಕತ್ತರಿಸಿಬಿಟ್ಟೆ."

"ಇಂಥ ಬೆಟ್ಟ ಕೋಟಿ ಇರುತ್ತಮ್ಮ! ಕೆರೆನೂ ಬೇಕು."

ಕೆರೆ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುತ್ತಾ ಅವಳು ಏನೇನೋ ನೆಪ ಹೊಸೆದಳು; ಬಾಗಿಲು ತೆರೆದಾಗ ಒಂದೂ ಬಾಯಿಗೆ ಬರಲಿಲ್ಲ.

"ನಿನ್ನ ಕೆರೆ ಬೇಕಿತ್ತು."

"ನನ್ನ ಕೆರೆ! ಅಂತೂ ಒಪ್ಕೊಂಡ್ರಲ್ಲ ಅಕ್ಕ!" ವಾರಗಿತ್ತಿ ತನ್ನ ಮೊಬೈಲು ತೋರಿಸಿದಳು. ಕೆರೆ, ದಡದಲ್ಲಿ ಅವಳ ಗೊಂಬೆ, ಅಂಚಿನಲ್ಲಿ ಇನ್ನೊಬ್ಬರ ಚೌಕ ಮೊಣಕೈ. "ಎಷ್ಟು ಕತ್ತರಿಸಿದ್ರೂ ನಿಮ್ಮ ಮೊಣಕೈ ಹೋಗ್ಲಿಲ್ಲ ನೋಡಿ. ಈ ಮನೇಲೂ ಹಾಗೇ ಅಲ್ವಾ?"

ಎರಡು ಅರ್ಧಗಳು ಕೂಡಿದವು. ಸಂಜೆಗೆ ಬೀಜ ಸಿಕ್ಕಿತು; ವಾರಗಿತ್ತಿಯೂ ಕೆಳಗಿಳಿದು ಬಂದು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಅದೇ ಬೆಟ್ಟ, ಅದೇ ಕೆರೆ. ಮನೆಯಿಲ್ಲ.

"ಬೀಜ ನೆಲ ಮಾತ್ರ ಕೊಡುತ್ತೆ. ಕಟ್ಟಿದ್ದು ಬರಲ್ಲ," ಎಂದಳು ಮಗಳು ಮೆಲ್ಲಗೆ.

"ಇಷ್ಟೆಲ್ಲ ಮಾಡಿ ಬರೀ ಸೈಟು!" ಎಂದು ನಗುತ್ತಾ ಗಂಡ ಚಹಾ ಮಾಡಿಕೊಳ್ಳಲು ಹೋದ. ಚಹಾ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು, ಅವಳು ಎದ್ದಿರಲಿಲ್ಲ.

ಅವಳು ಖಾಲಿ ದಡವನ್ನೇ ನೋಡುತ್ತಿದ್ದಳು. ಏನು ಬೇಕಾದರೂ ಕಟ್ಟಬಹುದಾಗಿದ್ದ ಲೋಕದಲ್ಲಿ, ಯಾರಿಗೂ ಹಸಿವಾಗದ ಆ ಮನೆಗೆ, ತಾವು ಮೊದಲು ಕಟ್ಟಿದ್ದು ಅಡುಗೆಮನೆ. ಆಮೇಲೆ ಇಬ್ಬರ ನಡುವೆ ಗೋಡೆ. ನೆನೆದು ಅವಳಿಗೆ ನಾಚಿಕೆಯಾಯಿತು.

"ಒಂದೇ ಕೋಣೆ ಸಾಕು ಕಣೇ. ಉದ್ದಕ್ಕೂ ಕಿಟಕಿ."

"ನಡುವೆ ಗೋಡೆ?"

"ಯಾಕೆ, ಮತ್ತೆ ಮಾತು ಬಿಡ್ಬೇಕಾ?"

ಅವಳು ಮೊದಲ ಕಲ್ಲಿಟ್ಟಳು.

"ಎಡಕ್ಕೆ ಅಕ್ಕ. ಇನ್ನೂ ಎಡಕ್ಕೆ."

"ನನಗೆ ಹೇಳ್ಕೊಡಬೇಡ!" ಎಂದು ಗದರಿದಳು. ಹಾಗೆ ಗದರಿ ಎಷ್ಟು ದಿನವಾಗಿತ್ತೋ, ಜೀವಕ್ಕೆ ಹಾಯೆನಿಸಿತು.

ಒಳಗಿನಿಂದ ಗಂಡನ ಕೂಗು: "ಲೇ, ಚಹಾ ಸೋಸೋದು ಎಲ್ಲಿಟ್ಟಿದ್ದೀಯ? ಇಡೀ ಅಡುಗೆಮನೆ ಹುಡುಕಿದೆ!"

"ಅದರ ಫೋಟೋ ಇದ್ರೆ ತಗೊಂಡ್ ಬನ್ನಿ, ಹುಡುಕಿಸೋಣ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

"ಅರ್ಧ ತರಬೇಡಿ ಭಾವ," ಎಂದು ವಾರಗಿತ್ತಿ ಸೇರಿಸಿದಳು, "ಪೂರ್ತಿ ಬೇಕು."