ಎಡಗೈ ಬಳ್ಳಿ

“ಆ ದರಿದ್ರ ಎಡಗೈನ ಮರೆಯಲ್ಲಿಟ್ಕೋ. ಹೆಂಗಸರು ನೋಡಿದ್ರೆ ಬಟ್ಟೆ ಮುಟ್ಟೋಕೂ ಹೇಸ್ತಾರೆ,” ಎಂದು ಕಸೂತಿ ಕ್ಲಾಸಿನ ಮೇಡಂ ಬಟ್ಟೆ ಬಿಗಿದ ನಾಲ್ಕು ಫ್ರೇಮುಗಳನ್ನು ಎಡಚಿಯ ಮಡಿಲಿಗೆ ಎಸೆದರು.

ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಈ ಹೆಸರು ಅಂಟಿಕೊಂಡಿತ್ತು. ಅವಳ ಜಾಗ ಕ್ಲಾಸಿನ ಹಿಂದಿನ ಉಗ್ರಾಣ. ದಾರದ ಡಬ್ಬಿಗಳ ನಡುವೆ, ನೆಲದ ಮೇಲೆ. ಆಚೆ ಕೋಣೆಯ ಕುರ್ಚಿಗಳಲ್ಲಿ ಹನ್ನೊಂದು ಹೆಂಗಸರು ಹೊತ್ತು ಹೋಗಲೆಂದು ಕಸೂತಿ ಕಲಿಯುತ್ತಿದ್ದರು. ಅವರು ಹಾಕಿದ ಎಲೆ ಮೀನಾಗುತ್ತಿತ್ತು, ಹೂವು ಹಲ್ಲಿಯಾಗುತ್ತಿತ್ತು. ಬಿಟ್ಟುಹೋಗಿ, ಸ್ವಲ್ಪ ತಿದ್ದಿಡುತ್ತೇನೆ ಎನ್ನುವರು ಮೇಡಂ. ಎಡಚಿ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹೊಲಿಯುವಳು. ಮುಂದಿನ ವಾರ ಹೆಂಗಸರು ತಮ್ಮ ಕೈಗುಣವನ್ನು ತಾವೇ ಹೊಗಳಿಕೊಳ್ಳುವರು. ಬಾಗಿಲು ದಾಟಿ ಮುಖ ತೋರಿಸಿದ ದಿನವೇ ಕೆಲಸ ಹೋಯಿತು ಎಂದು ಮೇಡಂ ಮೊದಲೇ ಹೇಳಿದ್ದರು. ಈ ಕೆಲಸ ಬಿಟ್ಟರೆ ಎಡಚಿಯ ಒಲೆಗೆ ಬೇರೆ ದಿಕ್ಕಿರಲಿಲ್ಲ.

ಆ ದಿನ ತಕರಾರು ತೆಗೆದವರು ಹೊಸದಾಗಿ ಸೇರಿದ್ದ ನರ್ಸಮ್ಮ. ಸ್ಟೆಮ್ ಸ್ಟಿಚ್ ಎಂದರೆ ಹೊಸೆದ ಹಗ್ಗದಂತೆ ಓರೆ ಬೀಳುವ ಹೊಲಿಗೆ. ಅವರು ಹಾಕಿದ್ದ ಕಾಲು ಗೇಣು ಬಳ್ಳಿ ಚೆನ್ನಾಗಿಯೇ ಇತ್ತು. ಬಿಚ್ಚಲು ಎಡಚಿಗೆ ಮನಸ್ಸು ಬಂದಿರಲಿಲ್ಲ. ಉಳಿದದ್ದನ್ನಷ್ಟೇ ಮುಂದುವರಿಸಿದ್ದಳು. ಈಗ ಅರ್ಧ ಬಳ್ಳಿ ಒಂದು ಕಡೆಗೆ ಓರೆ, ಅರ್ಧ ಇನ್ನೊಂದು ಕಡೆಗೆ.

“ಸೂಜಿ ಚುಚ್ಚೋದ್ರಲ್ಲೇ ನನ್ನ ಆಯಸ್ಸು ಕಳೆದಿದೆ ಮೇಡಂ. ಇದು ಎಡಗೈ ಕೆಲಸ. ನೀವು ಬಲಗೈನವರಲ್ವಾ?”

ಅದು ತಮ್ಮದೇ ಒಂದು ಶೈಲಿ ಎಂದರು ಮೇಡಂ. ಹಾಗಾದರೆ ನಾಲ್ಕು ಹೊಲಿಗೆ ಹಾಕಿ ತೋರಿಸಿ ಎಂದರು ನರ್ಸಮ್ಮ. ಮೇಡಂಗೆ ಕನ್ನಡಕ ಸಿಗಲಿಲ್ಲ. ಅದು ಮೂಗಿನ ಮೇಲೆಯೇ ಇತ್ತು. ಕೊನೆಗೆ ಸೂಜಿ ಹಿಡಿದರೆ ದಾರ ಇಲಿಗೂಡಾಯಿತು.

“ಒಳಗೊಬ್ಬಳು ಕಸ ಗುಡಿಸೋಳಿದಾಳೆ. ಅವಳೇ ಕೈಯಾಡಿಸಿ ಹಾಳು ಮಾಡಿರ್ಬೇಕು. ಆ ಮುಂಡೇದನ್ನ ಇವತ್ತೇ ಓಡಿಸ್ತೀನಿ.”

ಮುಂಡೇದು ಎಂಬುದನ್ನು ಎಡಚಿ ದಿನವೂ ನುಂಗುತ್ತಿದ್ದಳು, ಅದು ಅಭ್ಯಾಸವಾಗಿತ್ತು. ಹಾಳು ಎಂಬುದನ್ನು ನುಂಗಲಾಗಲಿಲ್ಲ. ಎದ್ದಳು. ಬಾಗಿಲು ದಾಟಿದಳು. ಮೇಡಂ ಅವರ ಖಾಲಿ ಕುರ್ಚಿಯಲ್ಲೇ ಕೂತು ಎಡಗೈಯಲ್ಲಿ ಸೂಜಿ ಹಿಡಿದಳು.

“ಎದುರಿಗೆ ಬನ್ನಿ ನರ್ಸಮ್ಮ. ನನ್ನ ಎಡಗೈ ಮಾಡಿದ್ದನ್ನ ನಿಮ್ಮ ಬಲಗೈ ಮಾಡ್ಲಿ. ಕನ್ನಡಿ ನೋಡ್ಕೊಂಡ ಹಾಗೆ.”

ನರ್ಸಮ್ಮನ ಬಳ್ಳಿ ಸರಸರನೆ ಹರಿಯಿತು. ಮಿಕ್ಕವರೂ ಕುರ್ಚಿ ಎಳೆದುಕೊಂಡು ಬಂದರು. ಆ ಕೋಣೆಯಲ್ಲಿ ಮೊದಲ ಸಲ ಎಲೆ ಎಲೆಯಾಯಿತು.

ಮೇಡಂ ಬಗ್ಗಿ, ಅವಳ ಕಿವಿಗೆ ಮಾತ್ರ ಕೇಳುವಂತೆ, ನಾಳೆಯಿಂದ ಬರಬೇಡ ಎಂದರು.

ಎಡಚಿ ತಲೆ ಎತ್ತಲಿಲ್ಲ. ದನಿಯನ್ನು ಮಾತ್ರ ಎತ್ತಿದಳು. “ಇವತ್ತೇ ಓಡಿಸ್ತೀನಿ ಅಂದ್ರಲ್ಲ, ನಾಳೆವರೆಗೂ ಯಾಕೆ ಎಳೀತೀರಿ? ಈಗ ಹಸಿರು ದಾರ ಮುಗೀತು. ಒಳಗಿಂದ ಒಂದು ಲಡಿ ತನ್ನಿ.”

ಹನ್ನೊಂದು ಮುಖಗಳು ಮೇಡಂ ಕಡೆ ತಿರುಗಿದವು. ಮೇಡಂ ಉಗ್ರಾಣಕ್ಕೆ ಹೋದರು. ಹಸಿರು ಎಲ್ಲಿದೆಯೆಂದು ಅವರಿಗೇನು ಗೊತ್ತು? ಒಳಗೆ ಡಬ್ಬಿಗಳು ಒಂದೊಂದಾಗಿ ಬೀಳತೊಡಗಿದವು.