ಎರಡು ಸಾಲಿನ ಮಸಿ

ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಎರಡು ಕೋಣೆಗಳಲ್ಲಿ, ಒಬ್ಬ ಬೆಸುಗೆಗಾರನೂ ಅವನ ಮಗಳೂ ಇದ್ದರು. ಮಗ ಮೂರು ವರ್ಷದ ಹಿಂದೆ ಸಮುದ್ರದಾಚೆಯ ಯುದ್ಧಕ್ಕೆ ಹೆಸರು ಬರೆಸಿದ್ದ. "ಹೋದ್ರೆ ಈ ಮೆಟ್ಟಿಲು ಮತ್ತೆ ಹತ್ತಬೇಡ" ಅಂದಿದ್ದ ಅಪ್ಪ. ಮಗನೂ ಅಪ್ಪನದೇ ಅಚ್ಚು, ಹಿಂದಿರುಗಿ ನೋಡದೆ ಇಳಿದುಹೋಗಿದ್ದ.

ಈಗ ಅವನ ಬದಲು ಒಂದು ತಗಡಿನ ಡಬ್ಬಿ ಮೆಟ್ಟಿಲು ಹತ್ತಿ ಬಂದಿತ್ತು. ಒಳಗೆ ಸಂಬಳದ ಪುಸ್ತಕ, ಪೆನ್ಸಿಲಿನ ದಿನಚರಿ, ಕಾಗದಗಳ ಕಟ್ಟು.

"ನನ್ನ ಕಾಗದ ಇದೆಯಾ ನೋಡಮ್ಮ. ಓದಿದ್ನಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು ನಂಗೆ." ಬೆಸುಗೆಯ ಕಿಡಿ ನೋಡಿ ನೋಡಿ ಅಪ್ಪನ ಕಣ್ಣು ಮಂಜಾಗಿತ್ತು, ಪೆನ್ಸಿಲಿನ ಅಕ್ಷರ ಹತ್ತುತ್ತಿರಲಿಲ್ಲ.

ಅಪ್ಪ ಬರೆದದ್ದು ಅದೊಂದೇ ಕಾಗದ. "ಅಷ್ಟು ಹೊತ್ತಲ್ಲಿ ಒಂದು ಹಡಗೇ ಕಟ್ಟಬಹುದಿತ್ತು" ಅಂತ ಮಗಳು ಆಗ ಛೇಡಿಸಿದ್ದಳು. ಅಪ್ಪ ಅವಳಿಗೆ ತೋರಿಸದೆ ಅಂಟಿಸಿ ಅಂಚೆಗೆ ಹಾಕಿದ್ದ. ಅದು ಹೋಗಿ ಹೋಗಿ ಅವಳ ಮೇಜಿಗೇ ಬಂದಿತ್ತು.

ಸೈನಿಕರ ಅಂಚೆಯ ತಪಾಸಣೆ ಅವಳ ಕೆಲಸ. ಹಡಗು, ಕಾರ್ಖಾನೆ, ತಾರೀಖು, ಏನು ಕಂಡರೂ ಕುಂಚದಿಂದ ಮಸಿ ಬಳಿಯಬೇಕು. "ನಮ್ಮ ಮಸಿರಾಣಿ ಬಳಿದ್ರೆ ಬರೆದೋನಿಗೇ ಗುರುತು ಸಿಗಲ್ಲ" ಅನ್ನುತ್ತಿದ್ದಳು ಮೇಲ್ವಿಚಾರಕಿ. ಮನೆಯವರ ಕಾಗದ ಬಂದರೆ ಪಕ್ಕದ ಮೇಜಿಗೆ ಕೊಡಬೇಕೆಂಬ ನಿಯಮವಿತ್ತು. ಅಪ್ಪನ ಸೊಟ್ಟ ಅಕ್ಷರ ಕಂಡು ಯಾರಾದರೂ ನಕ್ಕಾರೆಂದು ಅವಳು ಕೊಡಲಿಲ್ಲ.

"ಕೊಡೆ ರಿಪೇರಿಯಾಯಿತು. ತಂಗಿ ಕ್ಷೇಮ. ನಾನೀಗ ಮೂರನೆಯ ಕಟ್ಟೆಯಲ್ಲಿ ಹೊಸ ಹಡಗಿನ ಕೆಲಸದಲ್ಲಿದ್ದೇನೆ. ನೀನು ಬರುವ ದಿನ ಅಲ್ಲೇ ನಿಂತಿರುತ್ತೇನೆ, ಮೆಟ್ಟಿಲು ಇಬ್ಬರೂ ಜೊತೆಗೆ ಹತ್ತೋಣ."

ಕಟ್ಟೆಯ ಮಾತಷ್ಟೇ ಅಳಿಸಿದ್ದರೆ ಸಾಕಿತ್ತು. ಸ್ವಂತ ಅಪ್ಪನಿಗೆ ರಿಯಾಯಿತಿ ತೋರಿಸಿದಂತಾದೀತೆಂದು ಅವಳು ಕೊನೆಯ ಎರಡೂ ಸಾಲಿಗೆ ಬಳಿದಳು. ಅಪ್ಪ ಕಾದು ನಿಂತಿರುವುದನ್ನು ಅಣ್ಣ ಬಂದಾಗ ಕಣ್ಣಾರೆ ನೋಡಲಿ, ಅದೇ ಚೆಂದ ಅಂದುಕೊಂಡಳು. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರ ದಾಟಿದವರೆಲ್ಲ ತಿರುಗಿ ಬರುತ್ತಿದ್ದರು.

ಕಟ್ಟಿನಲ್ಲಿ ಆ ಕಾಗದ ಸಿಕ್ಕಿತು. ಮಡಿಸಿದ ಗೆರೆಗಳು ಸವೆದು ಹರಿದಿದ್ದವು. ಅವಳು ದಿನಚರಿ ತೆರೆದಳು.

"ಅಪ್ಪನ ಕಾಗದ ಬಂತು. ಕೊನೆಯ ಎರಡು ಸಾಲಿಗೆ ಮಸಿ. ಏನು ಬೈದಿದ್ದನೋ. ನಾನು ನೊಂದೇನೆಂದು ಯಾರೋ ಪುಣ್ಯಾತ್ಮರು ಅಳಿಸಿದ್ದಾರೆ. ರಜೆಯ ಪಟ್ಟಿಯಿಂದ ಹೆಸರು ತೆಗೆಸಿದೆ. ಮನೆ ಇರುವವನು ಯಾರಾದರೂ ಹೋಗಲಿ."

ಅದರ ಮುಂದೆ ಒಂಬತ್ತು ದಿನ ಹವೆಯ ಮಾತು, ಕಾಲುಚೀಲದ ಮಾತು. ಆಮೇಲೆ ಬರೀ ಹಾಳೆ.

"ಏನಂತೆ?"

"ಸಿಕ್ಕಿತಂತೆ ಅಪ್ಪ. ಎಲ್ಲಾ ಓದಿದ್ನಂತೆ. ಬಹಳ ಖುಷಿಪಟ್ಟನಂತೆ."

"ಹೌದಾ. ಕೊಡು ಇಲ್ಲಿ."

ಅಪ್ಪ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಪೆನ್ಸಿಲ್ ಕಾಣದ ಕಣ್ಣಿಗೂ ಆ ಕಪ್ಪು ಪಟ್ಟಿ ಕಂಡಿತು. ಹೆಬ್ಬೆರಳಿನಿಂದ ಅದನ್ನು ಉಜ್ಜಿದ, ಬೆಸುಗೆ ಗಟ್ಟಿಯಾಗಿದೆಯೇ ಎಂದು ನೋಡುವ ಹಾಗೆ. ಬಳಿಕ ಮಗಳ ಉಗುರಂಚಿನ ಕಪ್ಪನ್ನು ನೋಡಿದ.

"ಇಲ್ಲಿದ್ದದ್ದನ್ನ ಹೇಗೆ ಓದಿದ?"

ಅವಳು ಬೆರಳು ಮಡಿಸಿ ಉಗುರುಗಳನ್ನು ಮರೆಮಾಡಿದಳು.

"ಒಂದಕ್ಷರಾನೂ ಕಾಣಲ್ಲ," ಅಂದ ಅಪ್ಪ, ಒಬ್ಬ ಕೆಲಸಗಾರ ಇನ್ನೊಬ್ಬರಿಗೆ ಹೇಳುವಂತೆ. "ಒಳ್ಳೆ ಕೈ ನಿಂದು."

ಕಾಗದ ಮಡಿಸಿಟ್ಟು ಹೊರಗೆ ಹೋದ. ಕಬ್ಬಿಣದ ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಒಂದೊಂದಾಗಿ ಇಳಿದು ಕೊನೆಯ ಮೆಟ್ಟಿಲಲ್ಲಿ ನಿಂತಿತು. ಬೀದಿಗೆ ಹೋಗಲಿಲ್ಲ, ಮೇಲಕ್ಕೂ ಬರಲಿಲ್ಲ.